ಬಿರಡೆ ಅಕ್ಷರ

ಕುತಾಯಿಸಿಯಲ್ಲಿ, ರಿಯೋನಿ ನದಿಯ ಸದ್ದು
ಕಿಟಕಿಯ ಮಟ್ಟಕ್ಕೆ ಬಗ್ಗಿ ಇಣುಕುವ ನೆಲಮಾಳಿಗೆಯಲ್ಲಿ
ನಮ್ಮ ಅಚ್ಚುಕೂಟ.
ಯಂತ್ರಕ್ಕೆ ನನ್ನಜ್ಜನ ವಯಸ್ಸು.
ಯಜಮಾನಿ ತ್ಸಿಯಾಲಾ ಅದಕ್ಕಿಂತ ಚೂರು ಚಿಕ್ಕವಳು.
ಚಳಿಗಾಲ ಬಂದರೆ ಇಬ್ಬರ ಕೀಲಿಗೂ ಎಣ್ಣೆ ಬೇಕು.

ಮರದ ಮೊಳೆಗಳು ನಮ್ಮವು, ಗೇಣುದ್ದ:
ಹೊಟ್ಟೆ, ಬಾಲ, ಕೊಕ್ಕೆ, ಗುಂಡು.
ನೆಟ್ಟಗೆ ನಿಲ್ಲುವುದೇ ಗೊತ್ತಿಲ್ಲ ನಮ್ಮ ಲಿಪಿಗೆ,
ಚಪ್ಪರ ಹುಡುಕುವ ದ್ರಾಕ್ಷಿ ಬಳ್ಳಿ ಅದು.

ಬುಧವಾರ ಬೊಂಬೆಯಾಟದವರ ಭಿತ್ತಿಪತ್ರ,
ನೂರಿಪ್ಪತ್ತು ಪ್ರತಿ, ಸಂಜೆಯೊಳಗೆ.
ಜೋಡಿಸುತ್ತ ಜೋಡಿಸುತ್ತ ನೋಡಿದರೆ
ಒಂದು ‘ಓ’ ಕಡಿಮೆ.
ಖಾನೆಯಲ್ಲಿಲ್ಲ, ಒಲೆಯ ಹಿಂದಿಲ್ಲ,
ಹೋದ ವಾರದ ಸಾವಿನ ಸುದ್ದಿಯ ಚೌಕಟ್ಟಿನಲ್ಲೂ
ಸಿಕ್ಕಿಕೊಂಡಿಲ್ಲ.

ಮೊದಲು ಯಾರಿಗೆ ಹೊಳೆಯಿತು? ಇವತ್ತಿಗೂ ಜಗಳ.
ನನಗೇ ಎನ್ನುತ್ತಾನೆ ಓತಿಯಾ,
ಅವನ ಹೆಸರೂ ಅದೇ ಅಕ್ಷರದಿಂದ ಶುರು.
ಅವನ ಬುತ್ತಿಯ ಪಕ್ಕ ಬಾಟಲಿ,
ಬಾಟಲಿಯ ಬಾಯಿಗೆ ಬಿರಡೆ.
ಕುಯ್ದು, ಎತ್ತರ ಸರಿಮಾಡಿ, ಸಂದಿಗೆ ತುರುಕಿ
ಮಸಿಯ ಉರುಳೆ ಎಳೆದೆವು.

ಉಳಿದ ಅಕ್ಷರಗಳೆಲ್ಲ ಇಸ್ತ್ರಿ ಹಾಕಿಕೊಂಡ ಬೀಗರು.
ನಡುವೆ ಇದೊಂದು, ಮೈತುಂಬ ತೂತು,
ಹುಳು ತಿಂದ ಹುಣ್ಣಿಮೆ,
ಹಾಡಲು ಬಾಯ್ತೆರೆದು ಮಾತು ಮರೆತ ಬೊಂಬೆ.
ತ್ಸಿಯಾಲಾ ಕನ್ನಡಕ ಹಣೆಗೇರಿಸಿ ಸುಮ್ಮನೆ ನಿಂತಳು.
ಬೈಯಲಿಲ್ಲ. ನಾವು ಹೆದರಿದ್ದು ಅದಕ್ಕೇ.
“ಓಡಿಸಿ” ಎಂದಳು.

ಬೆಳಗಾದರೆ ಗೋಡೆಗಳ ಮೇಲೆ ಅಂಟಿನ ಕಲೆ ಮಾತ್ರ.
ಬಿಡಿಸಿಕೊಂಡು ಹೋಗಿದ್ದರು ಜನ,
ಜೋಪಾನವಾಗಿ, ಮೂಲೆ ಮುಕ್ಕಾಗದಂತೆ.
ಹಲ್ಲಿನ ವೈದ್ಯನೊಬ್ಬ ತನ್ನ ಕುರ್ಚಿಯೆದುರು ತೂಗುಹಾಕಿದನಂತೆ:
ನೋಡಿ, ಹೀಗೆ ತೆರೆಯಿರಿ ಬಾಯಿ.

ಆಮೇಲೆ ಶುರುವಾಯಿತು ಪಜೀತಿ.
ಬೇಕರಿಯವನು ಬಂದ, ಸರ್ಕಸ್ಸಿನವಳು ಬಂದಳು:
“ಅಂಥದ್ದೇ ತಪ್ಪು ನಮಗೂ ಒಂದು ಮಾಡಿಕೊಡಿ.”
ಮೂರು ದಿನ ಕೂತೆವು ತಪ್ಪು ಮಾಡಲು.
ಬಿರಡೆ ಅಳೆದೆವು, ತೂತು ಎಣಿಸಿದೆವು,
ಸೂಜಿಯಿಂದ ಹೊಸ ತೂತು ಚುಚ್ಚಿದೆವು,
ಮಸಿಗೆ ತಕ್ಕಡಿ, ಒತ್ತಡಕ್ಕೆ ಲೆಕ್ಕ.
ಬಂದದ್ದೆಲ್ಲ ಸತ್ತ ವೃತ್ತ.
ಕರೆದರೆ ಬರುವುದಿಲ್ಲ ತಪ್ಪು,
ನೆಂಟರೆದುರು ಹಾಡೆಂದಾಗ
ಬಾಗಿಲ ಹಿಂದೆ ಸರಿಯುವ ಮಗು.

ನಾಲ್ಕನೆಯ ದಿನ ಸೋತು ಸುಣ್ಣವಾಗಿ
ಯಂತ್ರ ತೊಳೆಯುವ ಹೊತ್ತಿಗೆ
ಉಳಿದ ಮಸಿ ಹಾಳಾಗದಿರಲೆಂದು ಆಟ ಹತ್ತಿತು.
ರೊಟ್ಟಿಯ ತೊಗಟೆಗೆ ಬಳಿದೆ ನಾನು.
ಓತಿಯಾ ತನ್ನ ಬಾಚಣಿಗೆಗೆ.
ತ್ಸಿಯಾಲಾ, ತೀರಿಹೋದ ಗಂಡನ ಕೋಟಿನ ಗುಂಡಿಗಳನ್ನು
ಒಂದೊಂದೇ ಒತ್ತಿ, ಯಾರಿಗೂ ತೋರಿಸದೆ,
ಹಾಳೆ ಮಡಚಿ ಜೇಬಿಗಿಟ್ಟಳು.
ಕಾಗದವೋ ಬರೀ ರದ್ದಿ:
ಮದುವೆಯ ಕರೆಯ ಮೇಲೆ ಕುಸ್ತಿ ಪಂದ್ಯ,
ಕುಸ್ತಿಯ ಮೇಲೆ ಮೀನಿನ ದರ,
ಎಲ್ಲದರ ಮೇಲೂ ಓರೆಯಾಗಿ
ಬಾಚಣಿಗೆಯ ಮಳೆ.

ಸುಳ್ಳು ಹೇಳಲಾರೆ.
ನೂರರಲ್ಲಿ ತೊಂಬತ್ತೇಳು ಒಲೆಗೆ ಹೋದವು.
ಒಮ್ಮೆ ಡಬ್ಬಿ ಉರುಳಿ ಮುನ್ನೂರು ಲಗ್ನಪತ್ರಿಕೆ ನೀಲಿಯಾಗಿ
ನನ್ನ ಅರ್ಧ ತಿಂಗಳ ಸಂಬಳ ನೀರುಪಾಲು.
ಆ ನೀಲಿಯಲ್ಲಿ
ಎಷ್ಟು ಹೊತ್ತು ದಿಟ್ಟಿಸಿದರೂ
ನೀಲಿಯಷ್ಟೇ ಇತ್ತು.

ಉಳಿದ ಮೂರು ಹಾಳೆ ಈಗ
ಕಿಟಕಿಗೆ ಕಟ್ಟಿದ ದಾರದಲ್ಲಿ ಒಣಗುತ್ತಿವೆ.
ಮಳೆ ಸಾಕು, ಬಿರಡೆ ಬೇಡ ಎಂದಳು ಸರ್ಕಸ್ಸಿನವಳು.
ಬೇಕರಿಯವನಿಗೆ ಅವನದೇ ರೊಟ್ಟಿ.

ಅಂದಹಾಗೆ, ಕಳೆದ ‘ಓ’ ಸಿಕ್ಕಿತು.
ಓಲಾಡುವ ಮೇಜಿನ ಕಾಲಿಗೆ ಒತ್ತು ಕೊಟ್ಟು
ಮರೆತವನು ನಾನೇ.
ನಾಲಿಗೆ ಕಚ್ಚಿ, ಬಗ್ಗಿ, ಎಳೆಯಲು ಹೋದರೆ
“ಬಿಡೋ, ಮೇಜು ಅಲ್ಲಾಡುತ್ತೆ” ಎಂದಳು ತ್ಸಿಯಾಲಾ,
ಮೊಣಕಾಲ ನಡುವೆ ಇನ್ನೊಂದು ಬಾಟಲಿ ಹಿಡಿದು
ಬಿರಡೆ ತಿರುವುತ್ತ.